ಬೊಂಬೆ ಕೊಳ್ಳಲು ಅಂಗಡಿಯೋ, ಆನ್‌ಲೈನೋ?

ಬೆಂಗಳೂರಿನಿಂದ ಮೈಸೂರಿಗೆ ಹೊರಟ ಕಾರುಗಳೆಲ್ಲ ಚನ್ನಪಟ್ಟಣದ ಪೇಟೆಯನ್ನು ಹಾದೇ ಹೋಗಬೇಕಿದ್ದ ಕಾಲವದು. ರಸ್ತೆ ಬದಿಯ ಅಂಗಡಿಗಳ ಮುಂದೆ ಮರದ ಕುದುರೆಗಳು ಸಾಲಾಗಿ ನಿಂತಿರುತ್ತಿದ್ದವು. ಹಿಂದಿನ ಸೀಟಿನ ಮಗು ಕೈ ತೋರಿಸಿದರೆ ಮುಗಿಯಿತು, ಅಪ್ಪ ಬ್ರೇಕ್ ಹಾಕಲೇಬೇಕು. 2023ರ ಮಾರ್ಚ್ 12ರಂದು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳಿಗೆಲ್ಲ ಬೈಪಾಸ್ ಬಂತು. ಅದೇ ವರ್ಷದ ಆಗಸ್ಟ್‌ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಆ ದಾರಿಯಲ್ಲಿ ಪ್ರವೇಶ ಇಲ್ಲವಾಗಿ ಅವು ಹಳೆಯ ರಸ್ತೆಯಲ್ಲೇ ಉಳಿದವು. ಬೊಂಬೆ ಕೊಳ್ಳುತ್ತಿದ್ದ ಕಾರುಗಳು ಮಾತ್ರ ಊರಾಚೆಯಿಂದಲೇ ಹೋಗತೊಡಗಿದವು.

ವ್ಯಾಪಾರ ಕುಸಿದಾಗ ಎಲ್ಲರೂ ಪುಕ್ಕಟೆ ಕೊಡುವ ಸಲಹೆ ಒಂದೇ: ಆನ್‌ಲೈನ್‌ನಲ್ಲಿ ಮಾರಿ.

ಮಾರಬಹುದೇ? ಸರಕು ಎಂಥದ್ದೆಂದು ಮೊದಲು ನೋಡಬೇಕು. ಚನ್ನಪಟ್ಟಣದ ಅಸಲಿ ಬೊಂಬೆಯ ಒಡಲು ಆಲೆ ಮರ. ಬಿಳಿಯ, ನಯವಾದ, ಮೆದು ಮರ. ಕಡಿದು ಒಣಗಿಸಿದ ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ಬಣ್ಣ ಹಚ್ಚಲು ಕುಂಚ ಬೇಕಿಲ್ಲ. ಗಿರಗಿರನೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಾಟದ ಬಿಸಿಗೆ ಅರಗು ಕರಗಿ ಮೈಗೆ ಅಂಟುತ್ತದೆ. ಮೇಲೆ ತಾಳೆಗರಿ ಒತ್ತಿ ಉಜ್ಜಿದಾಗ ಮುಖ ಕಾಣುವಷ್ಟು ಹೊಳಪು. ಈ ಹೊಳಪನ್ನು ಬೆರಳಿನಿಂದ ಸವರಿ ನೋಡಿಯೇ ಬಲ್ಲವರು ಕೊಳ್ಳುವುದು. ಮೊಬೈಲ್ ಪರದೆಯಲ್ಲಿ ಅರಗೂ ಒಂದೇ, ಅಗ್ಗದ ಪೇಂಟೂ ಒಂದೇ.

ಲೆಕ್ಕಾಚಾರವೂ ಅಷ್ಟು ಸಲೀಸಲ್ಲ. ಒಂದು ಬುಗುರಿ ಕಳಿಸಿದರೆ ಬುಗುರಿಗಿಂತ ಕೊರಿಯರ್‌ ಖರ್ಚೇ ಜಾಸ್ತಿ. ಅದರ ಮೇಲೆ ಜಾಲತಾಣದ ಕಮಿಷನ್, ಪ್ಯಾಕಿಂಗ್, ವಾಪಸ್ ಬಂದ ಮಾಲಿನ ನಷ್ಟ. ತೆರಿಗೆಯ ಗಂಟೂ ಇದೆ. 2023ರ ಅಕ್ಟೋಬರ್ 1ರಿಂದ ಸಣ್ಣ ವಹಿವಾಟಿನವರು ಜಿಎಸ್‌ಟಿ ನೋಂದಣಿಯಿಲ್ಲದೆ ಇ-ಕಾಮರ್ಸ್ ತಾಣಗಳಲ್ಲಿ ಸರಕು ಮಾರಬಹುದು, ಆದರೆ ರಾಜ್ಯದೊಳಗೆ ಮಾತ್ರ. ಚನ್ನಪಟ್ಟಣದ ಕಲಾನಗರದ ಕುಶಲಕರ್ಮಿ ಆ ತಾಣದ ಮೂಲಕ ಬೆಳಗಾವಿಗೆ ಬೊಂಬೆ ಕಳಿಸಬಹುದು. ಪಕ್ಕದ ತಮಿಳುನಾಡಿನ ಹೊಸೂರಿಗೆ ಕಳಿಸಬೇಕೆಂದರೆ ನೋಂದಣಿ ಬೇಕು. ಬಿಡಿ ಬುಗುರಿ, ಗಿಲಕಿ, ಕೀಲಿ ಗೊಂಚಲಿನ ವ್ಯಾಪಾರದಲ್ಲಿ ರಸ್ತೆ ಬದಿಯ ಅಂಗಡಿಯನ್ನು ಆನ್‌ಲೈನ್ ಸೋಲಿಸಲಾರದು.

ಗೆದ್ದವರು ಬೇರೆ ದಾರಿ ಹಿಡಿದವರು. ಮಾಯಾ ಆರ್ಗ್ಯಾನಿಕ್, ಬೆಂಗಳೂರಿನ ವರ್ಣಂ ಮುಂತಾದ ಸಂಸ್ಥೆಗಳು ಚನ್ನಪಟ್ಟಣದ ಕೈಗಳಿಗೆ ಹೊಸ ವಿನ್ಯಾಸ ಕೊಟ್ಟವು: ಒಂದರ ಮೇಲೊಂದು ಪೇರಿಸುವ ಬಳೆಗಳು, ಎಳೆಗೂಸಿನ ಗಿಲಕಿ, ಮೇಜಿನ ಮೇಲಿಡುವ ಅಲಂಕಾರದ ಸಾಮಾನು. ಮಗು ಬಾಯಿಗೆ ಹಾಕಿದರೂ ಭಯವಿಲ್ಲದ ಬಣ್ಣ ಎಂಬ ಭರವಸೆಗೆ ನಗರದ ತಾಯ್ತಂದೆಯರು ಹೆಚ್ಚು ಹಣ ಕೊಡಲು ಸಿದ್ಧ. ಇಡೀ ಸೆಟ್ಟಾಗಿ ಮಾರಿದರೆ ಕೊರಿಯರ್‌ ಖರ್ಚೂ ಹೊರೆಯಾಗದು. ಪೇಟೆಯ ಅಂಗಡಿಯಲ್ಲಿ ಸಿಗದ್ದನ್ನು ಮಾರಿದಾಗ ಆನ್‌ಲೈನ್‌ಗೆ ಎದುರಾಳಿಯೇ ಇರುವುದಿಲ್ಲ.

ಸರ್ಕಾರದ ಗಾಳಿಯೂ ಸ್ವಲ್ಪ ಇತ್ತಲೇ ಬೀಸಿದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ, ನೋಂದಾಯಿತ ಕರಕುಶಲಕರ್ಮಿಗಳಿಗೂ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯ ಸರಕಿನ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಸಿಕ್ಕಿತು. ಚನ್ನಪಟ್ಟಣದ ಬೊಂಬೆಗೆ ಆ ಮಾನ್ಯತೆ 2005–06ರಲ್ಲೇ ಬಂದಿತ್ತು. ಹೆಸರಿಗೆ ಬೆಲೆ ಬಂದ ಮೇಲೆ ಹೆಸರಿನ ಕಳ್ಳತನವೂ ತಪ್ಪಿದ್ದಲ್ಲ: ಎಲ್ಲೋ ಮಾಡಿದ ಮರದ ಆಟಿಕೆಗೆ ‘ಚನ್ನಪಟ್ಟಣ’ ಎಂದು ಬರೆದು ಜಾಲತಾಣಕ್ಕೆ ಏರಿಸಲು ಎರಡು ನಿಮಿಷ ಸಾಕು.

ಹಾಗಾದರೆ ಕೊಳ್ಳುವವರು ಏನು ಮಾಡಬೇಕು? ಹತ್ತಿರದ ಊರಾದ ಮರಳವಾಡಿಯವರು ಕನಕಪುರಕ್ಕೆ ಬಂದು, ಇನ್ನೊಂದು ಬಸ್ಸು ಹತ್ತಿದರೆ ಚನ್ನಪಟ್ಟಣ ಮುಟ್ಟಬಹುದು. ಅಷ್ಟು ಹತ್ತಿರವಿದ್ದೂ ಫೋನಿನಲ್ಲಿ ತರಿಸುವುದು ದಡ್ಡತನ. ದೂರದವರು ಆನ್‌ಲೈನ್‌ನಲ್ಲೇ ಕೊಳ್ಳಲಿ, ಆದರೆ ಮೂರು ಪ್ರಶ್ನೆ ಕೇಳಲಿ: ಮರ ಯಾವುದು, ಬಣ್ಣ ಅರಗಿನದೇ, ಜಿಐ ಗುರುತು ಇದೆಯೇ? ಉತ್ತರ ಕೊಡದ ಮಾರಾಟಗಾರನನ್ನು ಬಿಟ್ಟುಬಿಡಿ. ಬೊಂಬೆ ಮನೆಗೆ ಬಂದ ಮೇಲೆ ಒದ್ದೆಯಾದ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಮುಲಾಜಿಲ್ಲದೆ ವಾಪಸ್ ಕಳಿಸಿ.