ನಿರಾಕರಣೆಯ ಪತ್ರವನ್ನು ಓದುವವರು ಯಾರು?

ಅಮೆರಿಕದಲ್ಲಿ ಬಡವರ ಚಿಕಿತ್ಸೆಯ ಖರ್ಚನ್ನು ಸರ್ಕಾರವೇ ಹೊರುವ ಯೋಜನೆಗೆ ಮೆಡಿಕೇಡ್ ಎಂದು ಹೆಸರು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನಿನಿಂದ ಹುಟ್ಟಿದ ಈ ಯೋಜನೆಗೆ ಕೇಂದ್ರವೂ ರಾಜ್ಯಗಳೂ ಕೂಡಿ ಹಣ ಹಾಕುತ್ತವೆ. ನಡೆಸುವ ಹೊಣೆ ರಾಜ್ಯಗಳದ್ದು. ಮೊದಲೆಲ್ಲ ವೈದ್ಯರು, ಆಸ್ಪತ್ರೆಗಳು ಕಳಿಸಿದ ಬಿಲ್ಲುಗಳನ್ನು ರಾಜ್ಯವೇ ಪಾವತಿ ಮಾಡುತ್ತಿತ್ತು. ಈಗ ನಾಲ್ವರು ಫಲಾನುಭವಿಗಳಲ್ಲಿ ಸುಮಾರು ಮೂವರು ‘ಮ್ಯಾನೇಜ್ಡ್ ಕೇರ್’ ಕಂಪನಿಗಳ ಸುಪರ್ದಿಯಲ್ಲಿದ್ದಾರೆ. ತಲೆಗಿಷ್ಟು ಎಂದು ರಾಜ್ಯ ತಿಂಗಳು ತಿಂಗಳು ಕಂಪನಿಗೆ ಹಣ ಕಟ್ಟುತ್ತದೆ. ಯಾವ ವೈದ್ಯರ ಬಳಿ ಹೋಗಬಹುದು, ಯಾವ ಚಿಕಿತ್ಸೆಗೆ ಅನುಮತಿ ಸಿಗುತ್ತದೆ ಎಂಬುದನ್ನು ಕಂಪನಿ ತೀರ್ಮಾನಿಸುತ್ತದೆ.

ಈ ಏರ್ಪಾಡಿನಲ್ಲಿ ಒಳ್ಳೆಯದು ಇಲ್ಲವೆಂದಲ್ಲ. ಎಷ್ಟು ಖರ್ಚಾಗುತ್ತದೆ ಎಂಬುದು ರಾಜ್ಯಕ್ಕೆ ಮುಂಚೆಯೇ ಗೊತ್ತಿರುತ್ತದೆ. ಹತ್ತು ಕಡೆ ಹಂಚಿಹೋದ ಚಿಕಿತ್ಸೆಯನ್ನು ಒಂದೆಡೆ ಜೋಡಿಸುವ ಅವಕಾಶವೂ ಇದೆ. ಆದರೆ ಹಣ ಮೊದಲೇ ಕೈಸೇರಿರುವಾಗ, ಕೊಡದೆ ಉಳಿಸಿದ ಪ್ರತಿ ಚಿಕಿತ್ಸೆಯಿಂದ ಕಂಪನಿಗೆ ಲಾಭ ಹೆಚ್ಚುತ್ತದೆ. ಆದ್ದರಿಂದಲೇ ಇಂಥ ವ್ಯವಸ್ಥೆ ಸಮರ್ಥನೀಯವಾಗುವುದು ಸರ್ಕಾರದ ಬಿಗಿಯಾದ ಉಸ್ತುವಾರಿ ಇದ್ದಾಗ ಮಾತ್ರ. ಆ ಉಸ್ತುವಾರಿಯನ್ನು ಬಹುಪಾಲು ರಾಜ್ಯಗಳು ಮಾಡಲಿಲ್ಲ ಎಂಬುದು ದಾಖಲೆಗಳನ್ನು ನೋಡಿದ ಮೇಲೆ ನಾನು ತಲುಪಿರುವ ತೀರ್ಮಾನ.

ಅಮೆರಿಕದ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2023ರ ಜುಲೈನಲ್ಲಿ ಕೊಟ್ಟ ವರದಿ ಈ ವಿಷಯದಲ್ಲಿ ಬಹಳ ಮುಖ್ಯವಾದದ್ದು. 37 ರಾಜ್ಯಗಳ 115 ಕಂಪನಿಗಳ 2019ರ ಪೂರ್ವಾನುಮತಿ ಅರ್ಜಿಗಳನ್ನು ಅದು ಪರಿಶೀಲಿಸಿತು. ಎಂಟು ಅರ್ಜಿಗಳಲ್ಲಿ ಒಂದು ತಿರಸ್ಕೃತವಾಗಿತ್ತು. 12 ಕಂಪನಿಗಳಲ್ಲಂತೂ ತಿರಸ್ಕಾರದ ಪ್ರಮಾಣ ಶೇ 25ನ್ನು ಮೀರಿತ್ತು. ಇದಕ್ಕಿಂತ ಕಳವಳದ ಸಂಗತಿ ರಾಜ್ಯಗಳ ನಡವಳಿಕೆ. ತಿರಸ್ಕರಿಸಿದ ಅರ್ಜಿಗಳಲ್ಲಿ ಒಂದಷ್ಟನ್ನಾದರೂ ತೆಗೆದು, ಆ ನಿರ್ಧಾರ ವೈದ್ಯಕೀಯವಾಗಿ ಸರಿಯೇ ಎಂದು ನಿಯಮಿತವಾಗಿ ನೋಡುವ ಪರಿಪಾಠವೇ ಹೆಚ್ಚಿನ ರಾಜ್ಯಗಳಲ್ಲಿ ಇರಲಿಲ್ಲ. ಎಷ್ಟು ತಿರಸ್ಕಾರವಾಗುತ್ತಿದೆ ಎಂಬ ಲೆಕ್ಕವನ್ನೂ ಅನೇಕ ರಾಜ್ಯಗಳು ಇಟ್ಟಿರಲಿಲ್ಲ.

ಒಪ್ಪಿಗೆಯಾಗದವರು ಮೇಲ್ಮನವಿ ಹಾಕಬಹುದಲ್ಲ ಎಂಬ ವಾದವಿದೆ. ಹಾಕಿದವರು ಬಹಳ ಕಡಿಮೆ ಎಂದು ಅದೇ ವರದಿ ಹೇಳುತ್ತದೆ. ಇದರಲ್ಲಿ ಆಶ್ಚರ್ಯವಿಲ್ಲ. ಎರಡು ಕಡೆ ದುಡಿಯುವ ತಾಯಿಗೆ ಕಾನೂನಿನ ಭಾಷೆಯ ಪತ್ರ ಬಿಡಿಸಿಕೊಂಡು, ವೈದ್ಯರಿಂದ ದಾಖಲೆ ತರಿಸಿ, ಗಡುವಿನೊಳಗೆ ಅರ್ಜಿ ಕಳಿಸಲು ಬಿಡುವೆಲ್ಲಿದೆ? ವೃದ್ಧರಿಗಾಗಿ ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್‌ನಲ್ಲಿ ಒಂದು ರಕ್ಷಣೆಯಿದೆ. ಮರುಪರಿಶೀಲನೆಯಲ್ಲೂ ಕಂಪನಿ ತನ್ನ ‘ಇಲ್ಲ’ವನ್ನೇ ಎತ್ತಿಹಿಡಿದರೆ, ಕಡತ ತಾನಾಗಿ ಹೊರಗಿನ ಪರಿಶೀಲಕರಿಗೆ ಹೋಗುತ್ತದೆ. ಬಡವರ ಯೋಜನೆಯಲ್ಲಿ ಹೆಚ್ಚಿನ ರಾಜ್ಯಗಳು ಇದನ್ನು ಒದಗಿಸಿರಲಿಲ್ಲ. ಹೋರಾಡುವ ಶಕ್ತಿ ಕಡಿಮೆ ಇರುವವರಿಗೇ ರಕ್ಷಣೆಯೂ ಕಡಿಮೆ ಎಂಬುದು ಒಪ್ಪತಕ್ಕ ಮಾತಲ್ಲ.

ಅಂಕಿಗಳ ಹಿಂದೆ ಏನಿರುತ್ತದೆ ಎಂಬುದನ್ನು 2018ರಲ್ಲಿ ‘ಡಲ್ಲಾಸ್ ಮಾರ್ನಿಂಗ್ ನ್ಯೂಸ್’ ಪತ್ರಿಕೆಯ ತನಿಖಾ ಸರಣಿ ಜನರ ಮುಂದಿಟ್ಟಿತು. ಟೆಕ್ಸಸ್‌ನ ಒಂದು ಸಾಕುಮನೆಯಲ್ಲಿದ್ದ ಎಳೆಯ ಮಗು ಗಂಟಲಿಗೆ ಹಾಕಿದ ಕೊಳವೆಯ ಮೂಲಕ ಉಸಿರಾಡುತ್ತಿತ್ತು. ಕೊಳವೆಯನ್ನು ಅದು ಕಿತ್ತುಕೊಳ್ಳದಂತೆ ದಿನದ 24 ಗಂಟೆಯೂ ದಾದಿ ಬೇಕೆಂದು ಸಾಕುತಾಯಿ ಕೇಳಿಕೊಂಡರು. ಕಂಪನಿ ಒಪ್ಪಲಿಲ್ಲ. ಕೊನೆಗೆ ಮಗು ಕೊಳವೆ ಕಿತ್ತುಕೊಂಡಿತು. ಉಸಿರು ಕಟ್ಟಿ ಮಿದುಳಿಗೆ ಶಾಶ್ವತ ಹಾನಿಯಾಯಿತು. ಬದುಕು ಹೀಗೆ ಮುರಿದ ಮೇಲೆ ಮೇಲ್ಮನವಿಯಲ್ಲಿ ಗೆದ್ದರೂ ಏನು ಬಂತು? ತಿರಸ್ಕಾರಗಳನ್ನು ಆಗಿಂದಾಗಲೇ ಪರೀಕ್ಷಿಸಬೇಕು ಎನ್ನುವುದು ಇದಕ್ಕೇ.

ವೈದ್ಯರ ಪಟ್ಟಿಯದೂ ಇದೇ ಪಾಡು. 2014ರಲ್ಲಿ ಅದೇ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ ಸಿಬ್ಬಂದಿ ಕಂಪನಿಗಳ ಪಟ್ಟಿಯಲ್ಲಿದ್ದ ವೈದ್ಯರಿಗೆ ಫೋನ್ ಮಾಡಿ ಸಮಯ ಕೇಳಿದರು. ಅರ್ಧಕ್ಕಿಂತ ಹೆಚ್ಚು ಕಡೆ ಸಮಯ ಸಿಗಲಿಲ್ಲ. ಶೇ 35ರಷ್ಟು ವೈದ್ಯರು ಪಟ್ಟಿಯಲ್ಲಿದ್ದ ವಿಳಾಸದಲ್ಲೇ ಇರಲಿಲ್ಲ. ಪಟ್ಟಿ ಉದ್ದವಿದೆ ಎಂದು ರಾಜ್ಯಗಳು ಸಮಾಧಾನಪಟ್ಟುಕೊಂಡಿದ್ದವು. ಒಂದು ಫೋನ್ ಕರೆಗೆ ಬಯಲಾಗುವ ಸತ್ಯವದು! ಈ ದೃಷ್ಟಿಯಿಂದ 2024ರಲ್ಲಿ ಕೇಂದ್ರ ಹೊರಡಿಸಿದ ನಿಯಮವನ್ನು ಮನಸಾರೆ ಮೆಚ್ಚಬೇಕು. ಸಾಮಾನ್ಯ ಚಿಕಿತ್ಸೆಗೆ 15, ಮಾನಸಿಕ ಆರೋಗ್ಯಕ್ಕೆ 10 ಕೆಲಸದ ದಿನಗಳೊಳಗೆ ಸಮಯ ಸಿಗಬೇಕು; ಅದು ಸಿಗುತ್ತದೆಯೇ ಎಂದು ಸ್ವತಂತ್ರ ಸಂಸ್ಥೆಯವರು ರೋಗಿಯ ಸೋಗಿನಲ್ಲಿ ಫೋನ್ ಮಾಡಿ ನೋಡಬೇಕು ಎನ್ನುತ್ತದೆ ಆ ನಿಯಮ. ಅದೇ ವರ್ಷದ ಇನ್ನೊಂದು ನಿಯಮ, ಪೂರ್ವಾನುಮತಿಯ ಅಂಕಿಅಂಶಗಳನ್ನು ಕಂಪನಿಗಳು 2026ರಿಂದ ಪ್ರಕಟಿಸಬೇಕೆಂದು ಹೇಳಿತು. ಇದು ಅಗತ್ಯ, ಆದರೆ ಸಾಲದು. ಶೇಕಡಾವಾರು ಲೆಕ್ಕ ಎಷ್ಟು ತಿರಸ್ಕಾರವಾಯಿತೆಂದು ತಿಳಿಸುತ್ತದೆ; ತಿರಸ್ಕರಿಸಿದ್ದು ಸರಿಯೇ ಎಂಬುದಕ್ಕೆ ಕಡತವನ್ನು ವೈದ್ಯರೊಬ್ಬರು ಓದಲೇಬೇಕು.

ಕಡತ ತೆರೆದು ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಒಹಾಯೊ ಸಾಕ್ಷಿ. ಅಲ್ಲಿನ ರಾಜ್ಯ ಲೆಕ್ಕ ಪರಿಶೋಧಕರು 2018ರಲ್ಲಿ ಔಷಧದ ಬಿಲ್ಲುಗಳನ್ನು ಪರಿಶೀಲಿಸಿದಾಗ, ಒಂದೇ ವರ್ಷದಲ್ಲಿ ಸುಮಾರು 22.5 ಕೋಟಿ ಡಾಲರ್ ಮಧ್ಯವರ್ತಿ ಸಂಸ್ಥೆಗಳ ಪಾಲಾಗಿದ್ದು ಬೆಳಕಿಗೆ ಬಂತು. ಆಮೇಲೆ ರಾಜ್ಯ ಆ ಪದ್ಧತಿಯನ್ನೇ ಬದಲಿಸಿತು. ಕನೆಕ್ಟಿಕಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2012ರಲ್ಲಿ ಈ ಕಂಪನಿಗಳ ವ್ಯವಸ್ಥೆಯನ್ನೇ ಕೈಬಿಟ್ಟಿತು. ಅಲ್ಲಿ ಆಡಳಿತದ ಕೆಲಸಕ್ಕೆ ಮಾತ್ರ ಹೊರಗಿನ ಸಂಸ್ಥೆ; ಚಿಕಿತ್ಸೆಯ ಹಣ ಕೊಡುವುದು ರಾಜ್ಯವೇ.

ಈ ಅನುಭವ ನಮಗೂ ಸಂಬಂಧಿಸಿದ್ದು. ಆಯುಷ್ಮಾನ್ ಭಾರತ್ ಯೋಜನೆಯನ್ನು ವಿಮಾ ಕಂಪನಿಯ ಮೂಲಕವೋ, ಟ್ರಸ್ಟ್ ಮೂಲಕವೋ, ಎರಡನ್ನೂ ಬೆರೆಸಿಯೋ ನಡೆಸುವ ಆಯ್ಕೆ ನಮ್ಮ ರಾಜ್ಯಗಳಿಗಿದೆ. ಕರ್ನಾಟಕ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ದಾರಿ ಹಿಡಿದಿದೆ. ಲಾಭದ ಕಂಪನಿ ನಡುವೆ ಇಲ್ಲದಿರುವುದು ಒಳ್ಳೆಯದೇ. ಆದರೂ ಪೂರ್ವಾನುಮತಿ ಇರುವಲ್ಲೆಲ್ಲ ನಿರಾಕರಣೆಯೂ ಇರುತ್ತದೆ. ಅದನ್ನು ಪರೀಕ್ಷಿಸುವ ಹೊರಗಿನ ಕಣ್ಣು ಟ್ರಸ್ಟ್‌ಗೂ ಬೇಕು.

ಸರ್ಕಾರಗಳು ಚಿಕಿತ್ಸೆಯ ನಿರ್ವಹಣೆಯನ್ನು ಗುತ್ತಿಗೆಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು. ತಿರಸ್ಕಾರಗಳ ಮಾದರಿಯನ್ನು ಪ್ರತಿ ತಿಂಗಳು ಸ್ವತಂತ್ರ ವೈದ್ಯರು ಓದಬೇಕು, ಅಂತಿಮ ನಿರಾಕರಣೆ ತಾನಾಗಿ ಹೊರಗಿನ ಪರಿಶೀಲನೆಗೆ ಹೋಗಬೇಕು, ತಪ್ಪು ಪದೇ ಪದೇ ಮಾಡುವ ಕಂಪನಿಗೆ ಗುತ್ತಿಗೆ ತಪ್ಪಬೇಕು. ಇಷ್ಟನ್ನೂ ಮಾಡಲಾಗದ ರಾಜ್ಯ ತನ್ನ ಬಡ ರೋಗಿಗಳನ್ನು ಕಂಪನಿಗೆ ಒಪ್ಪಿಸಬಾರದು.