ಏಳು ಗಂಟೆಯ ಗೆರೆ

ಕಥೆ-ಕಾದಂಬರಿ ಓದಿ ನಾಲ್ಕು ಮಾತು ಬರೆಯುವ ಅಭ್ಯಾಸ ನನ್ನದು. ಈ ಸಲ ಓದಿದ್ದು ಕಾನೂನಿನ ಒಂದು ವಾಕ್ಯ. ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗಿನ ಹೊತ್ತು ಬಿಟ್ಟು ಹೆಣ್ಣನ್ನು ಕಾರ್ಖಾನೆಯಲ್ಲಿ ದುಡಿಸಕೂಡದು, ದುಡಿಯಲು ಬಿಡಲೂ ಕೂಡದು ಎಂಬುದು 1948ರ ಕಾರ್ಖಾನೆ ಕಾಯಿದೆಯ 66ನೇ ಸೆಕ್ಷನ್ನಿನ ಸಾರವಾಗಿತ್ತು. ‘ದುಡಿಸಕೂಡದು’ ಎಂಬಲ್ಲಿ ಮಾಲೀಕನಿಗೆ ಅಂಕುಶವಿದೆ. ‘ಬಿಡಲೂ ಕೂಡದು’ ಎಂದೊಡನೆ ಅದು ಅವಳ ಕಾಲಿಗೇ ಸುತ್ತಿಕೊಳ್ಳುತ್ತದೆ. ಬರೆದವರ ಮನಸ್ಸಿನಲ್ಲಿ ಕೆಡುಕಿತ್ತೆಂದು ನಾನು ಹೇಳಲಾರೆ. ಆದರೆ ಅಪಾಯವೆಲ್ಲ ಗಡಿಯಾರದಲ್ಲಿದೆ ಎಂದು ನಂಬಿದ್ದರೇನೋ.

ಪೀಣ್ಯದ ಹತ್ತಿರ ಬಾಡಿಗೆಗಿದ್ದಾಗ ನಮ್ಮ ಪಕ್ಕದ ಮನೆಯಾಕೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಈ ಸೆಕ್ಷನ್ನಿನ ವಿಷಯ ಹೇಳಿದಾಗ, ಸೊಪ್ಪು ಬಿಡಿಸುತ್ತಿದ್ದವಳು ನಕ್ಕುಬಿಟ್ಟಳು.

“ಅಯ್ಯೋ ಅಕ್ಕಾ, ನಮ್ಮನ್ನ ಬಯ್ಯೋರೆಲ್ಲಾ ಹಗಲು ಹೊತ್ತಲ್ಲೇ ಬಯ್ದು ಮುಗಿಸಿರ್ತಾರೆ. ಟಾರ್ಗೆಟ್ ಆಗದಿದ್ರೆ ಸೂಪರ್‌ವೈಸರ್ ಪೀಸು ಮುಖಕ್ಕೇ ಎಸೀತಾನೆ. ಏಳು ಗಂಟೆ ಮೇಲಿನ ಪಾಳಿ ನಮ್ಮನೆಯವರದು.”

ಸಂಬಳದ ದಿನ ಗಂಡ ಗೇಟಿನ ಹತ್ತಿರವೇ ಕಾದಿರುತ್ತಿದ್ದನಂತೆ. ಅವಳ ಮೊಣಕೈ ಮೇಲಿನ ಕಂದು ಗುರುತು ಕಂಡೂ ಕಾಣದವಳಂತೆ ನಾನು ಹುರುಳಿಕಾಯಿಯ ಬೆಲೆ ಕೇಳಿದ್ದೆ. ಸೆಕ್ಷನ್ನಿಗೆ ಕಣ್ಣಿಲ್ಲವೆಂದು ದೂರುವ ನನಗೇ ಅಂದು ಕಣ್ಣಿರಲಿಲ್ಲ.

ಇನ್ನು, ಆ ಗೆರೆ ದಾಟಲು ಅನುಮತಿ ಸಿಕ್ಕವರ ಪಾಡು. ಕಾಲ್ ಸೆಂಟರುಗಳಿಗೆ ರಾತ್ರಿ ಪಾಳಿಯ ವಿನಾಯಿತಿ ಕೊಟ್ಟಾಗ ವಾಹನ, ಭದ್ರತೆಯ ಷರತ್ತುಗಳನ್ನೂ ಹಾಕಲಾಗಿತ್ತು. 2005ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಪಾಳಿಗೆ ಹೊರಟ ಯುವತಿಯೊಬ್ಬಳನ್ನು, ಕರೆದೊಯ್ಯಲು ಬಂದ ಕ್ಯಾಬ್ ಚಾಲಕನೇ ಅತ್ಯಾಚಾರ ಮಾಡಿ ಕೊಂದ. ನಮ್ಮ ಬೀದಿಯಲ್ಲಿ ಎದ್ದ ಮೊದಲ ಪ್ರಶ್ನೆ, ‘ಹೆಣ್ಣುಮಗಳು ಅಷ್ಟು ಹೊತ್ತಿನಲ್ಲಿ ಯಾಕೆ ಹೊರಟಳು?’ ಕೇಳಿದವರಲ್ಲಿ ಹೆಂಗಸರೇ ಹೆಚ್ಚು. ಯಾಕೆಂದರೆ, ಅಮೆರಿಕದ ಹಗಲಿಗೆ ಉತ್ತರ ಹೇಳುವ ಕೆಲಸವನ್ನು ನಮ್ಮೂರಿನ ರಾತ್ರಿಯಲ್ಲಿ ಮಾಡಬೇಕು! ಷರತ್ತು ಪಾಲಿಸಬೇಕಾದವರು ಯಾರೆಂದು ನಾವ್ಯಾರೂ ಕೇಳಲಿಲ್ಲ. ಕಂಪನಿಯ ಮುಖ್ಯಸ್ಥರ ಮೇಲಿನ ಮೊಕದ್ದಮೆಯನ್ನು ರದ್ದುಮಾಡಲು 2008ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. 2010ರಲ್ಲಿ ಚಾಲಕನಿಗೆ ಜೀವಾವಧಿ ಶಿಕ್ಷೆಯಾಯಿತು.

2019ರಲ್ಲಿ ಕರ್ನಾಟಕ ಸರ್ಕಾರ ಕಾರ್ಖಾನೆಗಳಲ್ಲೂ ಹೆಂಗಸರ ರಾತ್ರಿ ಪಾಳಿಗೆ ಅವಕಾಶ ಕೊಟ್ಟಿತು. ಅವಳ ಒಪ್ಪಿಗೆ ಬೇಕು, ವಾಹನ ಬೇಕು ಎಂಬ ಷರತ್ತುಗಳೂ ಇದ್ದವು. ಒಪ್ಪಿಗೆ ಎಂಬ ಮಾತು ಚೆಂದವೇ. ಒಲ್ಲೆನೆಂದರೆ ಕೆಲಸ ಹೋದೀತೆಂದು ಹೆದರಿ ಹಾಕಿದ ರುಜುವಿಗೆ ಏನೆನ್ನೋಣ?

ಪಿ.ಎಫ್. ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ತಂದ ನಿರ್ಬಂಧವನ್ನು ವಿರೋಧಿಸಿ 2016ರ ಏಪ್ರಿಲಿನಲ್ಲಿ ಪೀಣ್ಯ, ಹೊಸೂರು ರಸ್ತೆಗಳಲ್ಲಿ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ನಿಯಮ ವಾಪಸಾಯಿತು. ಗಂಡನ ಕೈಗೆ ಸಿಗದ ದುಡ್ಡು ಅಂದರೆ ಅದೊಂದೇ ಎಂದು ಪಕ್ಕದ ಮನೆಯಾಕೆ ಹಿಂದೊಮ್ಮೆ ಹೇಳಿದ್ದಳು. ಆ ಗುಂಪಿನಲ್ಲಿ ಅವಳೂ ಇದ್ದಳೋ ಏನೋ, ಅಷ್ಟರಲ್ಲಿ ನಾವು ಆ ಮನೆ ಬಿಟ್ಟಿದ್ದೆವು.