ಅಕ್ಷರ ಕೊಟ್ಟರು, ಸದ್ದು ಕೊಡಲಿಲ್ಲ

2007ರಲ್ಲಿ ಸರ್ಕಾರಿ ಸಾಲಿಗಳ ಒಂದನೇ ಇಯತ್ತೆಗೆ ಇಂಗ್ಲಿಷ್ ಬಂತು. ಅಲ್ಲಿಯವರೆಗೆ ಐದನೇ ಇಯತ್ತೆ ತನಕ ಕಾಯಬೇಕಿತ್ತು. ಬಂದ ಹೊಸದರಲ್ಲಿ ಅದನ್ನು ಕಲಿತ ಮಕ್ಕಳು ನಾವು. ನಮ್ಮ ಮನೆಗಳಲ್ಲಿ ಡಿಗ್ರಿ ಕಂಡ ಮೊದಲಿಗರೂ ನಾವೇ.

ಇಂಗ್ಲಿಷ್ ಬೇಡ ಎನ್ನುವವರ ಜೊತೆ ನಾವಿಲ್ಲ. 1854ರಲ್ಲೇ ಸಾವಿತ್ರಿಬಾಯಿ ಫುಲೆ ಇಂಗ್ಲಿಷನ್ನು ತಾಯಿಯೆಂದು ಕರೆದು ಪದ್ಯ ಕಟ್ಟಿದರು. ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿ, ಕೇರಿಯ ಮಕ್ಕಳಿಗೆ ತಾಯ್ನುಡಿಯ ಉಪದೇಶ ಮಾಡುವವರ ಬಣ್ಣ ನಮಗೆ ಗೊತ್ತು. ನಮ್ಮ ಜಗಳ ಇರುವುದು ಕಲಿಸುವ ರೀತಿಯ ಮೇಲೆ.

ಕನ್ನಡದಲ್ಲಿ ‘ಕ’ ಅಂದರೆ ಕ. ಅಕ್ಷರದ ಹೆಸರೇ ಅದರ ಸದ್ದು. ಇಂಗ್ಲಿಷಿನ ‘ಸಿ’ ಅಕ್ಷರ ‘ಕ್ಯಾಟ್’ನಲ್ಲಿ ಕ, ‘ಸಿಟಿ’ಯಲ್ಲಿ ಸ. ಈ ಗುಟ್ಟನ್ನು ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಪಾಟಿಯ ಮೇಲೆ ಇಪ್ಪತ್ತಾರು ಚಿತ್ರ ತಿದ್ದಿಸಿದರು, ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಸಿದರು. ತಪ್ಪಿದರೆ ಛಡಿ. ಮೇಲೆ ‘ಈ ಓಣ್ಯಾಗಿನ ಹುಡುಗರ ತಲಿಗೆ ಇಂಗ್ಲಿಷ್ ಹತ್ತಂಗಿಲ್ಲ’ ಅನ್ನೋ ಮಾತು ಬೇರೆ. ಅರ್ಥ ಹೇಳದೆ ಉರು ಹೊಡೆಸುವುದಕ್ಕೆ ಈ ನಾಡಿನಲ್ಲಿ ಮಂತ್ರ ಅನ್ನುತ್ತಾರೆ. ಅಂದು ಕೇಳಿದರೆ ಕಿವಿಗೆ ಕಾದ ಸೀಸ. ಇಂದು ಕೇಳಿಸುತ್ತಾರೆ, ತಿಳಿಸುವುದಿಲ್ಲ. ಓದಿದ ಅಪ್ಪನ ಮಗ ಮನೆಯಲ್ಲಿ ಕಲಿತುಕೊಳ್ಳುತ್ತಾನೆ. ಕೂಲಿಗೆ ಹೋಗುವ ಅವ್ವನ ಮಗಳು ಯಾರನ್ನು ಕೇಳಬೇಕು?

ಸಹಕಾರ ಸಂಘಗಳಿಗೆ ಹೆಸರಾದ ನಮ್ಮ ಹುಲಕೋಟಿಯಲ್ಲಿ ಅಕ್ಷರ ಬಾರದ ಅಜ್ಜಿಯ ಬಾಯಲ್ಲೂ ಬಸ್ಸು, ಬ್ಯಾಂಕು, ಪಂಪು, ಸೊಸೈಟಿ ಐತಿ. ಅಲ್ಲಿಂದಲೇ ಯಾಕೆ ಸುರು ಮಾಡಬಾರದು? ಬಸ್, ಪಂಪ್, ಕಪ್: ಮೂರರ ನಡುವೆಯೂ ‘ಯು’ ಎಂಬ ಒಂದೇ ಅಕ್ಷರ, ‘ಅ’ ಎಂಬ ಒಂದೇ ಸದ್ದು. ಇವನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಕನ್ನಡದಲ್ಲೇ ಬಿಡಿಸಿ ಹೇಳಿ, ಸದ್ದನ್ನು ಮಕ್ಕಳ ಬಾಯಿಂದ ಹೊರಡಿಸಿ. ನಾಲ್ಕನೆಯದಾಗಿ ‘ಕಟ್’ ಬರೆದರೆ ಮಗು ತಾನೇ ಕೂಡಿಸಿ ಓದೀತು. ‘ಪುಟ್’ ಎಂಬ ಅಡ್ಡದಾರಿ ಆಮೇಲೆ ತೋರಿಸೋಣ. ಮೊದಲು ಕಿವಿ, ನಂತರ ನಾಲಿಗೆ, ಕಣ್ಣು, ಕಡೆಗೆ ಕೈ. ನಮಗೆ ಕೈಯಿಂದಲೇ ಸುರು ಮಾಡಿಸಿದರು.

2019ರಲ್ಲಿ ಸಾವಿರ ಸರ್ಕಾರಿ ಸಾಲಿಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದರು. ಸಾಲಿಯ ಬೋರ್ಡು ಬದಲಾದರೆ ಮಗುವಿಗೆ ಓದು ಬರುತ್ತದೆಯೇ?

ಮಾಸ್ತರೇ, ಅಕ್ಕೋರೇ, ತಪ್ಪು ನಿಮ್ಮೊಬ್ಬರದೇ ಅಲ್ಲ. ನಿಮಗೂ ಯಾರೂ ಸದ್ದು ಕಲಿಸಲಿಲ್ಲ. ಸರಿಯಾದ ತರಬೇತಿ ಕೊಡಿ ಎಂದು ನೀವು ಬೀದಿಗಿಳಿದರೆ ನಿಮ್ಮ ಹಿಂದೆ ನಾವಿದ್ದೇವೆ. ಆದರೆ ಒಂದನೇ ಇಯತ್ತೆಯ ಮಗು ಅಷ್ಟು ದಿನ ಕಾಯಲಾರದು. ನಾಳೆ ಛಡಿ ಕೆಳಗಿಟ್ಟು ಹಲಗಿ ಮ್ಯಾಲೆ ‘ಬಸ್’ ಅಂತ ಬರೀರಿ. ನಮ್ಮ ಕೇರಿ ಮಗು ಓದತೈತಿ.